ಅಮ್ಮನ ಹಾಳೆಯಲ್ಲಿ ಒಂದು ಖಾಲಿ ಚೌಕ

"ನೀವು ಕೇಳೋದು ನೂರಿಪ್ಪತ್ತು ಕ್ರೆಡಿಟ್. ನನ್ನ ಹತ್ರ ನೂರಿಪ್ಪತ್ತಾರು ಇದೆ. ಜಾಸ್ತಿ ಆಯ್ತು ಅಂತ ಡಿಗ್ರಿ ಕೊಡಲ್ವಾ?" ಎಂದು ಕೇಳಿದಳು ಅಮ್ಮ.

ಕಾಲೇಜು ಆಫೀಸಿನ ಮೇಡಂ ನಗಲಿಲ್ಲ. ಕಂಪ್ಯೂಟರ್ ಪರದೆಯನ್ನು ಇವರ ಕಡೆ ತಿರುಗಿಸಿದರು.

ಪಕ್ಕದ ಕುರ್ಚಿಯಲ್ಲಿದ್ದ ಚೂಟಿ ಕಾಲಾಡಿಸುವುದನ್ನು ನಿಲ್ಲಿಸಿದಳು. ಅಮ್ಮ ಈ ವರ್ಷ ಕಪ್ಪು ಗೌನ್ ಹಾಕಿಕೊಂಡು ಸ್ಟೇಜ್ ಹತ್ತುತ್ತಾಳೆ ಎಂದು ಅವಳು ಶಾಲೆಯಲ್ಲಿ ಆಗಲೇ ಡಂಗುರ ಸಾರಿಬಿಟ್ಟಿದ್ದಳು. ಕೇಳದವರಿಗೂ ಹೇಳಿದ್ದಳು.

ಅಮ್ಮ ಸಿಟಿ ಬಸ್ ಡ್ರೈವರ್. ಬೆಳಗ್ಗೆ ಐದಕ್ಕೆ ಸ್ಟೀರಿಂಗ್ ಹಿಡಿದರೆ ಬಿಡುವುದು ಮಧ್ಯಾಹ್ನ ಎರಡಕ್ಕೆ. ಆಮೇಲೆ ವಾರಕ್ಕೆರಡು ಸಂಜೆ ಕಾಲೇಜು. ಚೂಟಿ ಅ ಆ ಇ ಈ ತಿದ್ದುತ್ತಿದ್ದಾಗ ಶುರುವಾದದ್ದು, ಈಗ ಅವಳು ಐದನೇ ಕ್ಲಾಸು. ಡಿಪೋದಲ್ಲಿ ಹೊಸ ಡ್ರೈವರ್‌ಗಳಿಗೆ ಕಲಿಸುವ ಹುದ್ದೆ ಈ ವರ್ಷ ಖಾಲಿಯಾಗುವುದಿತ್ತು. ಅಮ್ಮನಿಗೆ ಅದರ ಮೇಲೆ ಕಣ್ಣು. ಆದರೆ ಡಿಗ್ರಿ ಇಲ್ಲದವರು ಅರ್ಜಿಯನ್ನೂ ಮುಟ್ಟುವ ಹಾಗಿರಲಿಲ್ಲ.

ಪರದೆಯ ಮೇಲಿದ್ದದ್ದು ಡಿಗ್ರಿ ಆಡಿಟ್. ಏನೇನು ಓದಿ ಮುಗಿಸಿದ್ದಾಯಿತು, ಏನೇನು ಬಾಕಿ ಎಂಬ ಪಟ್ಟಿ. ಒಂದೊಂದು ವಿಷಯಕ್ಕೂ ಒಂದೊಂದು ಚೌಕ. ತುಂಬಿದ ಚೌಕಕ್ಕೆ ಹಸಿರು, ಖಾಲಿ ಚೌಕಕ್ಕೆ ಕೆಂಪು.

"ಇತಿಹಾಸ ಎರಡು ಕೋರ್ಸ್ ಸಾಕಿತ್ತು. ನೀವು ಐದು ಓದಿದ್ದೀರಿ," ಎಂದರು ಮೇಡಂ.

"ಚೆನ್ನಾಗಿತ್ತು," ಎಂದಳು ಅಮ್ಮ.

"ಸೈನ್ಸ್ ಲ್ಯಾಬ್ ಒಂದೂ ಇಲ್ಲ."

ಇತಿಹಾಸದಲ್ಲಿ ಉಕ್ಕಿದ್ದನ್ನು ಸೈನ್ಸಿಗೆ ಬಗ್ಗಿಸಲು ಬರುವುದಿಲ್ಲವಂತೆ. ಯಾಕೆ ಎಂದು ಚೂಟಿ ಕೇಳಿದಾಗ ಅಮ್ಮನೇ ಬಿಡಿಸಿ ಹೇಳಿದಳು: "ಬಸ್ಸು ಎಷ್ಟು ಕಿಲೋಮೀಟರ್ ಓಡಿದ್ರೇನು ಚೂಟಿ, ಒಂದು ಸ್ಟಾಪ್ ಬಿಟ್ಟು ಬಂದ್ರೆ ಟ್ರಿಪ್ ಮುಗಿದ ಹಾಗಲ್ಲ. ನಾನು ಮಾರ್ಕೆಟ್ ಸ್ಟಾಪಲ್ಲಿ ಐದು ಸಲ ನಿಲ್ಸಿದೀನಿ. ಆಸ್ಪತ್ರೆ ಸ್ಟಾಪಲ್ಲಿ ನಿಲ್ಸೇ ಇಲ್ಲ."

ಮೇಡಂ ದಾರಿಯನ್ನೂ ತೋರಿಸಿದರು. ಈ ಸಲವೇ ಲ್ಯಾಬ್ ಇದೆ, ಬುಧವಾರ ನಾಲ್ಕರಿಂದ ಏಳು, ಶುಕ್ರವಾರದೊಳಗೆ ಹೆಸರು ಬರೆಸಿದರೆ ಈ ವರ್ಷವೇ ಡಿಗ್ರಿ.

"ಬುಧವಾರ ಆಗಲ್ಲ. ಮುಂದಿನ ವರ್ಷ ನೋಡೋಣ," ಎಂದು ಅಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಮನೆಯವರೆಗೂ ಚೂಟಿಯ ಮೂತಿ ಊದಿಕೊಂಡೇ ಇತ್ತು. ಬುಧವಾರ ಅಮ್ಮನ ವಾರದ ರಜೆ. ಸ್ಟೀರಿಂಗ್ ಇಲ್ಲ, ಕಾಲೇಜಿಲ್ಲ, ಏನೂ ಇಲ್ಲ. ಅಮ್ಮ ಸೈನ್ಸಿಗೆ ಹೆದರಿದ್ದಾಳೆ ಎಂದು ಚೂಟಿ ತೀರ್ಮಾನಿಸಿದಳು. ಅಷ್ಟು ದೊಡ್ಡ ಬಸ್ಸಿಗೆ ಹೆದರದವಳು ಒಂದು ಗಾಜಿನ ಕೊಳವೆಗೆ ಹೆದರುವುದೇ?

ಮಾರನೇ ದಿನವೇ ಬುಧವಾರ. ಈಜುಕೊಳದಲ್ಲಿ ಚೂಟಿ ನಾಲ್ಕು ಸುತ್ತು ಮುಗಿಸಿ, ಅಂಚು ಹಿಡಿದು ಏದುಸಿರು ಬಿಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ಅದರ ಕೆಳಗಿನ ಬೋರ್ಡನ್ನು ಅವಳು ನೂರು ಸಲವಾದರೂ ಓದಿದ್ದಳು. ಹನ್ನೆರಡು ವರ್ಷದೊಳಗಿನ ಮಕ್ಕಳ ಜೊತೆ ಮನೆಯ ದೊಡ್ಡವರೊಬ್ಬರು ಕಡ್ಡಾಯವಾಗಿ ಕೂತಿರಬೇಕು.

ಬೋರ್ಡಿನ ಕೆಳಗಿನ ಬೆಂಚಿನಲ್ಲಿ ಅಮ್ಮ ಕೂತಿದ್ದಳು. ತೊಡೆಯ ಮೇಲೆ ಚೂಟಿಯ ಟವೆಲ್. ಟವೆಲ್ ಮೇಲೆ ಆ ಹಾಳೆ.

ಮಂಗಳವಾರ, ಗುರುವಾರ ಚೂಟಿಯನ್ನು ನೋಡಿಕೊಳ್ಳಲು ಪಕ್ಕದ ಮನೆಯ ಟೈಲರ್ ಆಂಟಿ ಇದ್ದಾರೆ. ಮನೆಯಲ್ಲೇ ಹೊಲಿಯುತ್ತಾ ಅವಳ ಮೇಲೆ ಕಣ್ಣಿಡುತ್ತಾರೆ, ಆದರೆ ಕೊಳದ ಬಳಿ ಬಂದು ಕೂರಲು ಅವರಿಗೆ ಪುರುಸೊತ್ತಿಲ್ಲ. ಇತಿಹಾಸದ ಕ್ಲಾಸು ಯಾವಾಗಲೂ ಮಂಗಳವಾರ, ಗುರುವಾರವೇ ಇರುತ್ತಿತ್ತು. ಲ್ಯಾಬ್ ಮಾತ್ರ ಬುಧವಾರ.

ಚೂಟಿ ಮುಳುಗಿದಳು. ನೀರೊಳಗೆ ಸ್ವಲ್ಪ ಹೊತ್ತು ಕೂತಳು. ಎದ್ದು ನೇರ ಕೋಚ್ ಹತ್ತಿರ ಹೋಗಿ, ಬೇರೆ ಬ್ಯಾಚ್ ಯಾವುದಿದೆ ಎಂದು ಕೇಳಿದಳು.

ಶನಿವಾರ ಮೂರು ಗಂಟೆಗೆ ಒಂದಿತ್ತು. "ಅದು ಚಿಳ್ಳೆಪಿಳ್ಳೆಗಳ ಬ್ಯಾಚು ಕಣಮ್ಮಾ. ಶಾಲೆಗಳ ರೇಸಿಗೆ ಹೋಗೋದು ಬುಧವಾರದವರು ಮಾತ್ರ," ಎಂದರು ಕೋಚ್.

ಚೂಟಿ ಬೆಂಚಿನ ಕಡೆ ಒಮ್ಮೆ ನೋಡಿದಳು. ಶನಿವಾರಕ್ಕೇ ಬರೆದುಕೊಳ್ಳಿ ಎಂದಳು.

ಮನೆಯಲ್ಲಿ ಎರಡು ದಿನ ಜಟಾಪಟಿ ನಡೆಯಿತು. ರೇಸ್ ಬಿಡುವ ಮಾತೇ ಇಲ್ಲ ಎಂದಳು ಅಮ್ಮ. ನಿನ್ನ ಡಿಗ್ರಿ ಒಂದು ವರ್ಷ ಕಾಯಬಹುದಾದರೆ ನನ್ನ ರೇಸ್ ಯಾಕೆ ಕಾಯಬಾರದು ಎಂದಳು ಚೂಟಿ. ಇದಕ್ಕೆ ಉತ್ತರ ಹುಡುಕುತ್ತಾ ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಶುಕ್ರವಾರ, ಆಫೀಸಿನ ಬಾಗಿಲು ಹಾಕಲು ಹತ್ತು ನಿಮಿಷವಿದ್ದಾಗ ಹೋಗಿ ಹೆಸರು ಬರೆಸಿ ಬಂದಳು.

ಶನಿವಾರ ಮೂರು ಗಂಟೆ. ಕೊಳದ ಆಳವಿಲ್ಲದ ಕಡೆ ಚೂಟಿ ನಿಂತಿದ್ದಳು. ನೀರು ಅವಳ ಸೊಂಟಕ್ಕೂ ಬರುತ್ತಿರಲಿಲ್ಲ. ಸುತ್ತ ತೋಳಿಗೆ ಗಾಳಿಚೀಲ ಕಟ್ಟಿಕೊಂಡ ಹನ್ನೊಂದು ಪುಟಾಣಿಗಳು. ನೀರಿನಲ್ಲಿ ಗುಳ್ಳೆ ಬಿಡುವುದು ಇವತ್ತಿನ ಪಾಠ.

ಹಲ್ಲಿಲ್ಲದ ಒಂದು ಪುಟಾಣಿ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿತು. "ನೀವು ಟೀಚರಾ?"

"ಅಲ್ಲ," ಎಂದಳು ಚೂಟಿ. "ನಮ್ಮಮ್ಮಂಗೆ ಬುಧವಾರ ಲ್ಯಾಬ್ ಇದೆ."

ಪುಟಾಣಿ ಅರ್ಥವಾದವರಂತೆ ತಲೆಯಾಡಿಸಿತು. ಇಬ್ಬರೂ ಬಗ್ಗಿ ಗುಳ್ಳೆ ಬಿಟ್ಟರು.