ಹೊಂಗನೂರಿನ ಹುಳದ ಮನೆ

ಆ ಬೆಳಿಗ್ಗೆ ವೆಂಕಟಲಕ್ಷ್ಮಮ್ಮನ ಹುಳದ ಮನೆಯಲ್ಲಿ ಒಂದೇ ಒಂದು ರೇಷ್ಮೆಹುಳ ಉಳಿದಿರಲಿಲ್ಲ. ಇನ್ನೇನು ಗೂಡು ಕಟ್ಟಬೇಕಿದ್ದವು ಹಸಿರು ನೀರು ಕಕ್ಕಿ, ಸೊಪ್ಪಿನ ಮೇಲೆಯೇ ಸುರುಟಿ ಸತ್ತಿದ್ದವು. ಯಾರೋ ಟೊಮೆಟೊಗೆ ಹೊಡೆಯುವ ಔಷಧಿ ಸಿಂಪಡಿಸಿದ್ದರು.

ಸ್ಟೇಷನ್ನಿಗೆ ಹೋಗಲು ಹೆದರುವವರೆಲ್ಲ ರಾಮನಗರದ ತಾಹೇರಾಗೆ ಹೇಳಿಕಳಿಸುತ್ತಿದ್ದರು; ವೆಂಕಟಲಕ್ಷ್ಮಮ್ಮನೂ ಹಾಗೇ ಮಾಡಿದಳು. ಅವಳು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಹೋದಲ್ಲೆಲ್ಲ ಜೊತೆಗಿರುತ್ತಿದ್ದವನು ಆಟೋ ಓಡಿಸುವ ಖಲಂದರ್. ಅಪರಾಧಿ ಯಾರೆಂದು ಅವನಿಗೆ ಎಂದಿನಂತೆ ಬಂದ ಕೂಡಲೇ ಗೊತ್ತಾಗಿಹೋಗಿತ್ತು. ಫೈನಾನ್ಸಿನ ವಸೂಲಿಗಾರ ಜಯಕುಮಾರ್ ಬೂಟುಗಾಲು ಚಾಚಿ ಅಂಗಳದಲ್ಲೇ ಕೂತಿದ್ದ.

“ಸಂಜೆ ಒಳಗೆ ಹಿಪ್ಪುನೇರಳೆ ತೋಟ ಬರ್ಕೊಡಮ್ಮ. ಇಲ್ಲಾಂದ್ರೆ ಪೊಲೀಸ್ ವ್ಯಾನ್ ಬತ್ತೈತೆ. ಮಗಳನ್ನ ನೋಡಾಕೆ ಬರೋ ಗಂಡು ನಿನ್ನ ಕೈಬೇಡೀನೂ ನೋಡ್ಕೊಂಡು ಓಗ್ಲಿ.”

ಗೂಡು ಮಾರಿದ್ದರೆ ಸಾಲ ತೀರಿ ತೋಟ ಉಳಿಯುತ್ತಿತ್ತು. ವೆಂಕಟಲಕ್ಷ್ಮಮ್ಮ ಬಾಗಿಲಲ್ಲೇ ಕುಸಿದು ಕೂತಿದ್ದಳು.

“ನೆನ್ನೆ ಸೊಪ್ಪಾಕಿ, ನೆಲ ಗುಡಿಸಿ, ತಟ್ಟೇಲಿ ಹೊಸ ಸುಣ್ಣದ ಪುಡಿ ಇಟ್ಟು ಬಂದೆ ತಾಹೇರಮ್ಮ. ಬೆಳಿಗ್ಗೆ ಒಳಕ್ಕೆ ಕಾಲಿಡಾಕೇ ಆಗ್ನಿಲ್ಲ.”

ಪಕ್ಕದ ಟೊಮೆಟೊ ಹೊಲದ ಕೆಂಪರಾಜು ಗೊಣಗಿದ: “ಔಷ್ದಿ ನಂದೇ ಇರ್ಬೋದು. ಡಬ್ಬ ಹೊಲದ ಬದುವಿನ ಮ್ಯಾಲೇ ಇರ್ತೈತೆ. ಆದ್ರೆ ಹುಳ ಕಂಡ್ರೆ ನಂಗೆ ಮೈಯೆಲ್ಲ ಜುಮ್ ಅಂತದೆ, ಆ ಮನೆ ಬಾಗ್ಲೇ ತುಳ್ದಿಲ್ಲ.”

“ನಾನು ರಾತ್ರಿ ಮಾಗಡೀಲಿದ್ದೆ,” ಎಂದ ವೆಂಕಟಲಕ್ಷ್ಮಮ್ಮನ ಮೈದುನ ಅನಂತರಾಜು. “ಈ ಹುಳದ ಮನೆ ಕಡೆ ಬಂದೇ ತಿಂಗ್ಳಾಯ್ತು.”

ತಾಹೇರಾ ಬಗ್ಗಿ ನೋಡಿದಳು. ಬಾಗಿಲ ಪಕ್ಕದ ತಟ್ಟೆಯ ಸುಣ್ಣದಲ್ಲಿ ಎರಡು ಪಾದ ಒತ್ತಿದ ಗುರುತು. ಅಲ್ಲಿಂದ ಒಳಗೆ ಬಿಳಿಯ ಬರಿಗಾಲ ಹೆಜ್ಜೆಗಳು, ಗಂಡಸಿನವು.

ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಮೊದಲು ಜಯಕುಮಾರನಿಂದ, ವ್ಯಾನ್ ಕಳಿಸಲಿದ್ದ ಅವನ ‘ಇನ್ಸ್‌ಪೆಕ್ಟರ್’ಗೆ ಫೋನ್ ಮಾಡಿಸಿ, ತಾನೇ ಕೇಳಿದಳು.

“ಯಾವ ಸ್ಟೇಷನ್ ಸಾರ್ ತಾವು?”

ಆ ಕಡೆ ಫೋನ್ ಕಟ್ಟಾಯಿತು. ತಾಹೇರಾ ವೆಂಕಟಲಕ್ಷ್ಮಮ್ಮನತ್ತ ತಿರುಗಿದಳು.

“ಸಾಲ ಕಟ್ಲಿಲ್ಲ ಅಂತ ಪೊಲೀಸ್ನೋರು ಹಿಡ್ಕೊಂಡೋಗಲ್ಲ ಕಣಮ್ಮ. ಬೇಕಾದ್ರೆ ಕೋರ್ಟಿಗೆ ಹೋಗ್ಲಿ.”

“ಆಪಾ, ಈ ಬೂಟಿನವನನ್ನ ಕಟ್ಟಾಕ್ಲಾ?” ಖಲಂದರ್ ತೋಳೇರಿಸಿದ.

“ತಡಿಯೋ. ಒಳಗೋದೋನು ಅವನಲ್ಲ. ಹೊರಗಿನ ರೋಗ ಹುಳಕ್ಕೆ ತಾಕ್ಬಾರ್ದು ಅಂತ ಸುಣ್ಣ ತುಳೀತಾರೆ. ಹುಳ ಕೊಲ್ಲಾಕೆ ಬಂದೋನಿಗೆ ಸುಣ್ಣ ಯಾಕೆ? ಇವನಾಗಿದ್ರೆ ನೇರ ನುಗ್ಗೋನು. ಕೆಂಪರಾಜಂಗೂ ಆ ರೂಢಿ ಇಲ್ಲ. ಕೈಯಲ್ಲಿ ವಿಷ ಹಿಡ್ಕೊಂಡೂ ಚಪ್ಪಲಿ ಬಿಟ್ಟು, ತಟ್ಟೇಲಿ ನಿಂತು ಒಳಗೋದೋನು ಚಿಕ್ಕಂದಿನಿಂದ ಈ ಮನೇಲೇ ಹುಳ ಮೇಯಿಸಿದೋನೇ. ಅನಂತರಾಜು, ಬಾ, ಆ ಹೆಜ್ಜೆ ಮೇಲೆ ನಿನ್ನ ಕಾಲಿಡು.”

ಅನಂತರಾಜು ಅತ್ತಿಗೆಯತ್ತ ತಿರುಗಿ, ನಿಂತಲ್ಲೇ ಕೂತುಬಿಟ್ಟ.

“ನಿನ್ನ ಸಾಲಕ್ಕೆ ಜಾಮೀನು ಹಾಕಿದ್ದಕ್ಕೆ ನನ್ನೂ ಜೈಲಿಗಾಕ್ಸ್ತೀನಿ ಅಂದ ಈ ಜಯಕುಮಾರ, ಅತ್ಗೆ. ತೋಟ ಕೈಗೆ ಬಂದ್ರೆ ನನ್ನ ಬುಟ್ಬುಡ್ತೀನಿ ಅಂದ. ಗೂಡಾಗ್ಬಿಟ್ರೆ ನೀನೆಲ್ಲಿ ತೋಟ ಕೊಡ್ತೀಯ...”

ಜಯಕುಮಾರ್ ಬೈಕಿನತ್ತ ಜಾರಿದ. ಬೀಗದ ಕೈ ಆಗಲೇ ಖಲಂದರನ ಜೇಬಿನಲ್ಲಿತ್ತು.

“ಸಾಲಕ್ಕೆ ನಿನ್ನನ್ನ ಯಾರೂ ಮುಟ್ತಿರ್ಲಿಲ್ಲ ಕಣೋ,” ಎಂದಳು ತಾಹೇರಾ. “ಈಗ ಮುಟ್ತಾರೆ.” ಮತ್ತೆ ವೆಂಕಟಲಕ್ಷ್ಮಮ್ಮನತ್ತ ತಿರುಗಿದಳು. “ದೂರು ಕೊಡ್ತೀಯಾ?”

ಅನಂತರಾಜು ಅತ್ತಿಗೆಯ ಪಾದಕ್ಕೆ ಹಣೆ ಇಟ್ಟು ಬಿಕ್ಕಿದ. ಖಲಂದರ್ ನೋಡಲಾಗದೆ ಮುಖ ತಿರುಗಿಸಿದ.

ವೆಂಕಟಲಕ್ಷ್ಮಮ್ಮ ಕಾಲು ಎಳೆದುಕೊಂಡಳು.

“ಬರ್ಕೊಳಿ ತಾಹೇರಮ್ಮ. ಮೊದ್ಲು ಇವನ ಹೆಸ್ರು. ಬೂಟಿನವನು ಆಮ್ಯಾಕೆ. ಅವ್ನು ಹೊರಗ್ನೋನು.”