ಒಂದೇ ದಿಕ್ಕಿನ ಸ್ಕ್ರೂಗಳು

೧೯೫೮ರ ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಯಡಿಯೂರಿನ ತಿಮ್ಮರಾಯಪ್ಪ ಜಯನಗರದ ಠಾಣೆಗೆ ಬಂದು ತಮ್ಮ ರೈಫಲ್ ಕಳುವಾಗಿದೆಯೆಂದು ದೂರು ಕೊಟ್ಟರು. ಹೊಲಗಳು ಬಡಾವಣೆಗೆ ಹೋದ ಮೇಲೆ ಕಟ್ಟಡದ ಗುತ್ತಿಗೆ ಹಿಡಿದಿದ್ದವರು ಅವರು. ಈ ಪ್ರಕರಣವನ್ನು ಯಡಿಯೂರಿನ ಹಳಬರು ಇಂದಿಗೂ ಹೇಳುತ್ತಾರೆ. ಹೇಳುವವರು ಬದಲಾದಂತೆ ವಿವರಗಳೂ ಬದಲಾಗುತ್ತವೆ. ಆದರೆ ಸ್ಕ್ರೂಗಳ ವಿಷಯ ಎಲ್ಲರಲ್ಲೂ ಒಂದೇ.

"ಎಂಥ ರೈಫಲ್?" ಸಬ್ ಇನ್ಸ್‌ಪೆಕ್ಟರ್ ಗಂಗಾಧರಯ್ಯ ಕೇಳಿದರು.

"ಹಳೇ ಇಂಗ್ಲಿಷ್ ಮಾಲು ಸಾರ್. ಒಂದು ಸಲಕ್ಕೆ ಒಂದೇ ಗುಂಡು. ಊರಿಗೆ ವಾಪಸ್ ಹೊರಟಿದ್ದ ಕಾಫಿ ತೋಟದ ದೊರೆ ಹತ್ರ ತಗೊಂಡಿದ್ದೆ. ಮರ ಎಲ್ಲ ಗೆದ್ದಲು ತಿಂದಿತ್ತು. ನಮ್ಮೂರಲ್ಲಿ ಕೋವಿ ರಿಪೇರಿ ಮಾಡೋ ಶಂಭುಲಿಂಗಪ್ಪನವರ ಕೈಲಿ ಹೊಸದಾಗಿ ಕಟ್ಟಿಸ್ದೆ."

"ಲೈಸೆನ್ಸು?"

"ಐತೆ ಸಾರ್. ಭಾನುವಾರ ಹಂದಿ ಬೇಟೆಗೆ ಹೊರಟಿದ್ದೆ. ನನ್ನ ಕೈಲಿ ಇನ್ನೂ ಒಂದು ಗುಂಡೂ ಹಾರಿಲ್ಲ."

ಎಫ್.ಐ.ಆರ್. ದಾಖಲಿಸಿ, ಗಂಗಾಧರಯ್ಯ ದಫೇದಾರ್ ಚಿಕ್ಕಬೈರಪ್ಪನೊಡನೆ ಸ್ಥಳಕ್ಕೆ ಹೋದರು. ಹಿಂದಿನ ದಿನ ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದಾಗ ಯಾರೋ ಹಿತ್ತಲ ಬಾಗಿಲ ಚಿಲಕ ಎತ್ತಿ ಒಳಗೆ ಬಂದಿದ್ದರು. ರೈಫಲ್ ಇದ್ದ ಗಾಜಿನ ಬೀರುವಿನ ಬೀಗ ಭದ್ರವಾಗಿತ್ತು, ಗಾಜು ಒಡೆದಿರಲಿಲ್ಲ. ಪಕ್ಕದಲ್ಲಿದ್ದ ಬೆಳ್ಳಿಯ ತಟ್ಟೆ ಕದಲಿರಲಿಲ್ಲ.

ಚಿಕ್ಕಬೈರಪ್ಪ ಮನೆಗೆಲಸದ ಸೊಣ್ಣಮ್ಮನನ್ನು ಕರೆದ. "ಬೀಗದ ಕೈ ಎಲ್ಲಿರುತ್ತೆ ಅಂತ ನಿನಗೆ ಗೊತ್ತಲ್ಲ?"

"ಗೊತ್ತು. ಯಜಮಾನ್ರ ಉಡಿದಾರದಲ್ಲಿರುತ್ತೆ. ಅಲ್ಲಿಂದ ಬಿಚ್ಕೊಳ್ಳೋಕೆ ಅಮ್ಮೋರ ಕೈಲೇ ಆಗಿಲ್ಲ, ನನ್ನ ಕೈಲಾಗುತ್ತಾ? ಅಲ್ಲಾ ದಫೇದಾರ್ರೇ, ಆ ಕೋವೀಲಿ ನಾನೇನು ಮುದ್ದೆ ತೊಳಸ್ಲಾ?"

ಗಂಗಾಧರಯ್ಯ ಅಷ್ಟರಲ್ಲಿ ಬೀರುವಿನ ಕೀಲುಗಳ ಮುಂದೆ ಮಂಡಿಯೂರಿದ್ದರು. ಎಡ ಬಾಗಿಲ ಕೀಲಿನ ಸ್ಕ್ರೂಗಳು ಬಡಗಿ ಬಿಗಿದಂತೆಯೇ ಇದ್ದವು; ಅವುಗಳ ತಲೆಯ ಗೀರುಗಳು ಒಂದು ಅಡ್ಡ, ಒಂದು ಓರೆ. ಬಲ ಬಾಗಿಲಿನವು ಹಾಗಲ್ಲ. ಅಲ್ಲಿ ಪ್ರತಿಯೊಂದು ಗೀರೂ ನೂಲು ಹಿಡಿದಂತೆ ನೆಟ್ಟಗೆ ನಿಂತಿತ್ತು.

"ಬೀಗ ಮುಟ್ಟದೆ ಕೀಲನ್ನೇ ಬಿಚ್ಚಿದ್ದಾನೆ," ಎಂದರು ಗಂಗಾಧರಯ್ಯ.

"ಸರಿ ಸಾರ್, ಆದರೆ ತಿರುಗಿ ಯಾಕೆ ಹಾಕ್ದ? ಕೋವಿ ಇಲ್ಲ ಅನ್ನೋದು ಗಾಜಲ್ಲೇ ಕಾಣುತ್ತಲ್ಲ."

"ಬಿಚ್ಚಿದ್ದನ್ನ ಹಾಗೇ ಬಿಟ್ಟು ಹೋಗೋಕೆ ಮನಸ್ಸು ಒಪ್ಪದವನು."

ಅವರು ತಿಮ್ಮರಾಯಪ್ಪನವರ ಇನ್ನೊಂದು ಕೋವಿಯನ್ನು ತರಿಸಿದರು. ಅದು ಶಂಭುಲಿಂಗಪ್ಪನವರೇ ದುರಸ್ತಿ ಮಾಡಿದ್ದ ಜೋಡಿನಳಿಗೆ. ಅದರ ಸ್ಕ್ರೂಗಳ ಗೀರುಗಳೆಲ್ಲ ನಳಿಗೆಯ ಉದ್ದಕ್ಕೆ ಮುಖ ಮಾಡಿದ್ದವು.

"ಅದು ಇಂಗ್ಲೆಂಡಿನ ಹಳೇ ಕೆಲಸಗಾರರ ಪದ್ಧತಿ ಅಂತಾರೆ," ಎಂದರು ತಿಮ್ಮರಾಯಪ್ಪ. "ಒಂದು ಸ್ಕ್ರೂ ಸೊಟ್ಟಗೆ ನಿಂತ್ರೂ ಶಂಭುಲಿಂಗಪ್ಪನವರಿಗೆ ಅನ್ನ ಸೇರಲ್ಲ." ಆಮೇಲೆ ಅವರ ಮುಖ ಬದಲಾಯಿತು. "ಅವರು ಯಾಕೆ ಕದೀತಾರೆ ಸಾರ್? ಮೊನ್ನೆ ಮಂಗಳವಾರದವರೆಗೂ ಅವರ ಮನೇಲೇ ಇತ್ತಲ್ಲ! ಗುರುವಾರ ಮದುವೆ, ಭಾನುವಾರ ಬೇಟೆ ಅಂತ ಹೇಳಿ ನಾನೇ ಕೈಯಾರೆ ತಂದೆ."

ಯಡಿಯೂರು ಕೆರೆಯ ಹತ್ತಿರದ ಶಂಭುಲಿಂಗಪ್ಪನವರ ಮನೆಯಲ್ಲಿ ಬಾಗಿಲು ತೆಗೆದವರು ಅವರ ಹೆಂಡತಿ ನೀಲಗಂಗಮ್ಮ.

"ಏನು ಮಾಡಿದಾರೆ ಸ್ವಾಮಿ ನಮ್ಮನೆಯವರು?"

"ಎರಡು ದಿನದಿಂದ ಹೇಗಿದ್ದಾರೆ?"

"ಬುಧವಾರ ತಂಗಿ ಮಗುವಿನ ನಾಮಕರಣಕ್ಕೆ ಹೊರಟಿದ್ದೆ. ಶುಭಕಾರ್ಯಕ್ಕೆ ಕಪ್ಪು ಸೀರೆ ಯಾಕುಟ್ಟೆ ಅಂದ್ರು. ಕಪ್ಪಲ್ಲಾರೀ, ನೀಲಿ ಅಂದೆ. ಆಮೇಲೆ ಮಾತೇ ಇಲ್ಲ. ಹಿತ್ತಲ ಕೊಠಡಿ ಬಾಗಿಲು ಹಾಕ್ಕೊಂಡು ಕೂತಿದಾರೆ, ಊಟವೂ ಇಲ್ಲ."

ಹಿತ್ತಲ ಕೊಠಡಿಯಲ್ಲಿ ಬಟ್ಟೆಯ ಮೇಲೆ ರೈಫಲ್ ಬಿಡಿಭಾಗಗಳಾಗಿ ಮಲಗಿತ್ತು. ತಿಮ್ಮರಾಯಪ್ಪನವರ ಹೆಗಲಿನ ಅಳತೆಗೆ ಕಡೆದ ಆಕ್ರೋಟ್ ಮರದ ಹಿಡಿ ಎಣ್ಣೆಯಲ್ಲಿ ತೇಯ್ದು ಜೇನಿನಂತೆ ಹೊಳೆಯುತ್ತಿತ್ತು. ಉಕ್ಕಿಗೆ ದೀಪದ ಕಾಡಿಗೆ ಬಳಿದು ಮರಕ್ಕೊತ್ತಿ, ಮಸಿ ತಗುಲಿದಲ್ಲೆಲ್ಲ ಕೆತ್ತುತ್ತ, ಎರಡರ ನಡುವೆ ಕೂದಲೂ ತೂರದಂತೆ ಕೂರಿಸಿದ ಕೆಲಸವದು. ಶಂಭುಲಿಂಗಪ್ಪ ಒಲೆಗೆ ಬಾಗಿ ಇಕ್ಕಳದಲ್ಲಿ ಒಂದು ಉಕ್ಕಿನ ತುಂಡನ್ನು ಕಾಯಿಸುತ್ತಿದ್ದರು.

"ಯಾರೇ ಆಗಲಿ, ಒಂದು ನಿಮಿಷ. ನೀಲಿ ಬಂತು, ತೆಗೀತೀನಿ."

ಗಂಗಾಧರಯ್ಯ ಇಣುಕಿದರು. "ನೀಲಿ ಎಲ್ಲಿ? ಇನ್ನೂ ಕಂದು ಬಣ್ಣ."

ಶಂಭುಲಿಂಗಪ್ಪ ತಿರುಗಿ, ಖಾಕಿಯನ್ನು ಕಂಡು ಇಕ್ಕಳ ಕೆಳಗಿಟ್ಟರು.

"ನಳಿಗೆಯ ಹಿಂಬದಿ ಮುಚ್ಚೋ ತುಂಡು ಇದು ಸ್ವಾಮಿ. ಲಿವರ್ ಎಳೆದ್ರೆ ಕೆಳಗಿಳಿಯುತ್ತೆ, ಮುಚ್ಚಿದ್ರೆ ಎದ್ದು ನಿಲ್ಲುತ್ತೆ. ಗುಂಡಿನ ಪೆಟ್ಟೆಲ್ಲ ಇದರ ಮೇಲೆ. ಹಳೇದು ಸವೆದಿತ್ತು, ಹೊಸದು ಮಾಡಿದೆ. ನವಿಲಿನ ಕತ್ತಿನ ಬಣ್ಣ ಬರೋವರೆಗೂ ಕಾಯಿಸಬೇಕು. ಮೊದಲೇ ತೆಗೆದ್ರೆ ಗಾಜಿನ ಹಾಗೆ ಪೆಳಸು. ಬುಧವಾರ ಇವಳ ನೀಲಿ ಸೀರೆ ಕಪ್ಪಾಗಿ ಕಂಡಾಗಲೇ ಇದರ ಬಣ್ಣವನ್ನೂ ತಪ್ಪಿದೀನಿ ಅಂತ ಹೊಳೀತು. ಪರೀಕ್ಷೆಯಲ್ಲಿ ಎರಡು ಗುಂಡಿಗೆ ತಡೀತು. ಮೂರನೆಯದಕ್ಕೆ ಸೀಳಿದ್ರೆ ತಿಮ್ಮರಾಯಪ್ಪನ ಮುಖಕ್ಕೇ ಬಡಿಯೋದು."

"ಅವರಿಗೇ ಹೇಳಬಹುದಿತ್ತಲ್ಲ?"

"ಕಣ್ಣಲ್ಲಿ ಪೊರೆ ಬಂದಿದೆ ಅಂತ ಹೇಳ್ಲಾ? ಆಮೇಲೆ ನನ್ನ ಕೈಗೆ ಯಾರು ಕೋವಿ ಕೊಡ್ತಾರೆ? ಸರಿಮಾಡಿ ಶನಿವಾರದೊಳಗೆ ಅಲ್ಲೇ ಇಟ್ಟು ಬರೋಣ ಅಂದ್ಕೊಂಡೆ. ಬೆಳಗಿಂದ ಎಷ್ಟು ಸಲ ಕಾಯಿಸಿದೆನೋ! ಬಣ್ಣವೇ ತಿಳೀತಿಲ್ಲ."

"ನನ್ನನ್ನ ಕೇಳೋಕೇನಾಗಿತ್ತು?" ಬಾಗಿಲಲ್ಲಿ ನಿಂತಿದ್ದ ನೀಲಗಂಗಮ್ಮ ಅಂದರು.

"ಕೇಳಿದ್ರೆ ನಿಂಗೆ ಗೊತ್ತಾಗೋದು."

"ಗೊತ್ತಿಲ್ಲ ಅಂದ್ಕೊಂಡಿದ್ರಾ? ವರ್ಷದಿಂದ ನಿಮ್ಮ ತಟ್ಟೇಲಿ ಕಲ್ಲು ಆರಿಸಿಡ್ತಾ ಇರೋಳು ಯಾರು?"

ಗಂಗಾಧರಯ್ಯ ದಫೇದಾರನ ಕಡೆ ತಿರುಗಿದರು. "ಪಂಚರನ್ನ ಕರ್ಕೊಂಡು ಬಾ, ಚಿಕ್ಕಬೈರಪ್ಪ. ಓಡಬೇಡ. ನಿಧಾನವಾಗಿ ಬಾ."

ನೀಲಗಂಗಮ್ಮ ಒಲೆಯ ಪಕ್ಕ ಕುಳಿತರು. ಶಂಭುಲಿಂಗಪ್ಪ ಮತ್ತೆ ಇಕ್ಕಳ ಹಿಡಿದರು.

"ಇನ್ನೂ ಇಲ್ಲ," ಅಂದರು ಆಕೆ. "ಇನ್ನೂ ಇಲ್ಲ. ನೇರಳೆ ಆಗ್ತಿದೆ. ತಡೀರಿ." ಸ್ವಲ್ಪ ಹೊತ್ತಿಗೆ ಆಕೆಯ ದನಿ ಏರಿತು. "ಈಗ ತೆಗೀರಿ. ಮೊನ್ನೆ ನಾನುಟ್ಟಿದ್ದ ಸೀರೆ ಬಣ್ಣ."

ಪಂಚರು ಬಂದ ಮೇಲೆ ಪಂಚನಾಮೆ ಬರೆದು, ರೈಫಲ್ಲನ್ನು ಬಿಡಿಭಾಗಗಳಾಗಿಯೇ ವಶಪಡಿಸಿಕೊಂಡು, ಮಧ್ಯಾಹ್ನ ಶಂಭುಲಿಂಗಪ್ಪನವರನ್ನು ದಸ್ತಗಿರಿ ಮಾಡಲಾಯಿತು. ತಿಮ್ಮರಾಯಪ್ಪ ನ್ಯಾಯಾಲಯದಲ್ಲಿ ರಾಜಿ ಕೇಳಿದರೆಂದು ಕೆಲವರು, ಸಣ್ಣ ದಂಡವಾಯಿತೆಂದು ಕೆಲವರು ಹೇಳುತ್ತಾರೆ. ಕದ್ದ ಕಾರಣದ ಬಗ್ಗೆ ಮಾತ್ರ ಎರಡು ಮಾತಿಲ್ಲ: ಕುರುಡನೆಂಬ ಹೆಸರಿಗಿಂತ ಕಳ್ಳನೆಂಬ ಹೆಸರು ಅವರಿಗೆ ಹಗುರವೆನಿಸಿತ್ತು.

ಪ್ರಕರಣ ಮುಗಿದು ರೈಫಲ್ ಬಿಡುಗಡೆಯಾದ ದಿನ ತಿಮ್ಮರಾಯಪ್ಪ ಬಿಡಿಭಾಗಗಳ ಗಂಟನ್ನು ನೇರವಾಗಿ ಕೆರೆಯ ಹತ್ತಿರದ ಆ ಮನೆಗೇ ಒಯ್ದರು. ಶಂಭುಲಿಂಗಪ್ಪ ಬಾಗಿಲು ಹಾಕಲಿಲ್ಲ, ದೀಪ ಕೇಳಲಿಲ್ಲ. ಎಲ್ಲರ ಎದುರೇ ಕೂತು ಒಂದೊಂದು ಸ್ಕ್ರೂವನ್ನೂ ಬಿಗಿದು, ಹೆಬ್ಬೆರಳ ಉಗುರಿನಿಂದ ಗೀರು ತಡವಿ, ನಳಿಗೆಯ ಉದ್ದಕ್ಕೆ ತಂದು ನಿಲ್ಲಿಸಿದರು.