ನಾಲ್ಕನೇ ಹೆಗಲು

“ಆ ಬೊಂಬೆ ನಿಲ್ಲಿಸಬ್ಯಾಡ ಕಣವ್ವ, ಮಲಗೇ ಇರ್ಲಿ,” ಎಂದಳು ಅತ್ತೆ ಚೆಲ್ಲಮ್ಮಾಳ್. “ನಿಂತ್ರೆ ಹೊರೋಕೆ ನಾಲಕ್ ಆಳು ಬೇಕಂತೆ. ಮಾರ್ದವನೇ ಹೇಳಿ ಕೊಟ್ಟವ್ನೆ.”

ಪಳನಿಯಿಂದ ಮಾರ್ಕಯನ್‌ಕೋಟ್ಟೈ ಹಳ್ಳಿಗೆ ಹೊಸದಾಗಿ ಸೊಸೆಯಾಗಿ ಬಂದ ಕಾರ್ತಿಕಾ ಬಾಯ್ತುಂಬ ನಕ್ಕಳು. “ಬೊಂಬೆಗೆ ಆಳಾ ಅತ್ತೆ? ನಮ್ ದ್ರಾಕ್ಷಿ ತೋಟಕ್ಕೇ ಸಿಕ್ತಿಲ್ಲ!”

ಗಂಡ ಕಾಮರಾಜ್ ಪಶ್ಚಿಮ ಆಫ್ರಿಕಾದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾಗ ಕೊಂಡು ತಂದ ಹಿತ್ತಾಳೆಯ ಮೆರವಣಿಗೆ ಅದು. ಮುಂದೆ ತಮಟೆಯವನು, ಹಿಂದೆ ಕೊಡೆಯವನು, ನಡುವೆ ಜೋಲಿಯಲ್ಲಿ ಕುಳಿತ ದೊರೆ. ಜೋಲಿ ಹೊತ್ತವರು ಮೂವರೇ. ನಾಲ್ಕನೆಯವನ ಜಾಗ ಖಾಲಿ. ಕಾರ್ತಿಕಾ ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ ಟೀವಿಯ ಪಕ್ಕ ನಿಲ್ಲಿಸಿದಳು. ದೊರೆ ಒಂದು ಕಡೆಗೆ ವಾಲಿದ.

ಊರಲ್ಲಿ ಯಾರು ಸತ್ತರೂ ಮೊದಲು ಓಡಿಹೋಗಿ ಚಟ್ಟಕ್ಕೆ ಹೆಗಲು ಕೊಡುವವನು ಕಾಮರಾಜ್. ಸಂಜೆ ತೋಟದಿಂದ ಬಂದವನು ಜೋಲಿಯ ವಾಲಿದ ಮೂಲೆಯನ್ನು ನೋಡಿ, “ಪಾಪ,” ಎಂದು ಬೆರಳು ಕೊಟ್ಟು ಎತ್ತಿದ. ಅಷ್ಟೇ. ಆಮೇಲೆ ಕಾಮರಾಜ್ ನೆಟ್ಟಗೆ ನಿಂತದ್ದನ್ನು ಯಾರೂ ನೋಡಲಿಲ್ಲ.

ಬಲ ಹೆಗಲು ಇಳಿಯಿತು, ಕಪ್ಪಾಯಿತು. ಮಲಗಿದಷ್ಟೂ ಸುಸ್ತು. ತುತ್ತು ಎತ್ತಲೂ ಕೈ ಬರದು. ಚಿನ್ನಮನೂರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲಿಲ್ಲ.

“ನಡೀತಾನೇ ಇದೀನಿ ಕಾರ್ತಿಕಾ,” ಎಂದ, ಮಲಗಿದಲ್ಲೇ. “ಊರೇ ಬರ್ತಿಲ್ಲ.”

ಒಂದು ಮಧ್ಯಾಹ್ನ ಮೋಡ ಕವಿದು ಕರೆಂಟು ಹೋಯಿತು. ಮನೆಯೊಳಗೆ ಗವ್ವೆನ್ನುವ ಕತ್ತಲು. ಎರಕದ ಮನೆಯಲ್ಲಿರುವಂಥ ಕರಗಿದ ಮೇಣದ ವಾಸನೆ, ಬೆವರಿನ ವಾಸನೆ. ಎಲ್ಲಿಯೋ ತಮಟೆ. ಕಾರ್ತಿಕಾ ಮೊಬೈಲಿನ ಬೆಳಕು ಹಿಡಿದಳು. ಜೋಲಿಯ ಖಾಲಿ ಜಾಗದಲ್ಲಿ ಒಬ್ಬ ನಿಂತಿದ್ದ. ಹಿತ್ತಾಳೆಯವನೇ. ಪಂಚೆ ಉಟ್ಟಿದ್ದ. ತಲೆಗೆ ಟವಲು ಸುತ್ತಿದ್ದ. ಮುಖ ಕಾಮರಾಜನದು. ಮೊಣಕಾಲು ಕುಸಿಯುತ್ತಿತ್ತು.

ಅವಳು ಬೊಂಬೆಯನ್ನು ಮಲಗಿಸಲು ನುಗ್ಗಿದಳು.

“ಬ್ಯಾಡ! ಅದು ಬಿದ್ರೆ ಅವನೂ ಬೀಳ್ತಾನೆ!” ಚೆಲ್ಲಮ್ಮಾಳ್ ಚೀರಿದಳು. “ಚಟ್ಟ ಹೊತ್ತೋನು ಸೋತ್ರೆ ಏನ್ ಮಾಡ್ತಾರೆ? ಬ್ಯಾರೆಯೋರು ಹೆಗಲು ಕೊಡಬೇಕು.”

ಒಳಗೆ ಕಾಮರಾಜನ ಉಸಿರು ಗೊರಗೊರ ಎಂದಿತು. ನಿಲ್ಲಿಸಿದವಳು ನಾನೇ, ಎಂದುಕೊಂಡು ಕಾರ್ತಿಕಾ ಜೋಲಿಯ ಮೂಲೆಗೆ ಬೆರಳು ಚಾಚಿದಳು. ತಮಟೆ ಹತ್ತಿರವಾಯಿತು. ಅಂಗಳದಲ್ಲಿ. ಕೋಣೆಯಲ್ಲಿ. ಕಿವಿಯಲ್ಲಿ. ಬೆರಳು ಕೂದಲೆಳೆಯಷ್ಟು ದೂರದಲ್ಲಿ ನಿಂತುಬಿಟ್ಟಿತು. ಅವಳಿಗೆ ಜೀವಭಯವಾಗಿತ್ತು.

“ಸರಿ ಅತ್ಲಾಗೆ,” ಎಂದು ಅತ್ತೆಯ ಸುಕ್ಕುಗಟ್ಟಿದ ಕೈ ಅವಳನ್ನು ತಳ್ಳಿ ಮುಂದೆ ಹೋಗಿ ಜೋಲಿಗೆ ಬೆರಳು ಕೊಟ್ಟಿತು.

ತಮಟೆ ನಿಂತಿತು.

“ಅವ್ವಾ, ಹಸಿವಾಗ್ತದೆ,” ಎಂದ ಕಾಮರಾಜ್, ಒಳಗಿನಿಂದ.

ಚೆಲ್ಲಮ್ಮಾಳ್ ಆ ವಾರವೇ ತೀರಿಕೊಂಡಳು. ಚಟ್ಟಕ್ಕೆ ಹೆಗಲು ಕೊಟ್ಟ ಮಗ, “ಅವ್ವನಿಗೆ ಭಾರವೇ ಇಲ್ವಲ್ಲ,” ಎಂದು ಅತ್ತ.

ಈಗ ಆ ಜಾಗದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದ ಹಿತ್ತಾಳೆಯ ಮುದುಕಿ ನಿಂತಿದ್ದಾಳೆ. ಸಾವೂ ಅವಳಿಗೆ ಬಿಡುವು ಕೊಡಲಿಲ್ಲ. ಬೊಂಬೆಯನ್ನು ಮಲಗಿಸುವಂತಿಲ್ಲ. ವಾರದಿಂದ ವಾರಕ್ಕೆ ಅವಳ ಬೆನ್ನು ಇನ್ನಷ್ಟು ಬಾಗಿರುತ್ತದೆ. ಶುಕ್ರವಾರ ಬಂದರೆ ಕಾರ್ತಿಕಾ ತೆಳು ಬಟ್ಟೆ ಹಿಡಿದು ಹೋಗಿ, ಆ ಹಣೆಯ ಬೆವರನ್ನು ಮೆಲ್ಲಗೆ ಒರೆಸುತ್ತಾಳೆ. ಬೆರಳು ಮಾತ್ರ ಕೊಡುವುದಿಲ್ಲ.